ಜಂಟಿ ಖಾತೆ ಮತ್ತು ಒಡೆಯದ ಹದಿನೇಳು ಲಕೋಟೆಗಳು

1

ಎಲ್ಲಿಂದ ಶುರು ಮಾಡಲಿ? ನಾಯಿ ಸತ್ತಲ್ಲಿಂದಲೋ, ಮದುವೆ ಮುರಿದಲ್ಲಿಂದಲೋ, ಅಥವಾ ಇಂಗ್ಲೆಂಡಿನ ಬಾರ್ನ್ಸ್‌ಲಿ ಪೇಟೆಯ ಸೊಸೈಟಿಯಲ್ಲಿ ಹುಡುಗಿಯೊಬ್ಬಳು ಕಂಪ್ಯೂಟರ್ ನೋಡಿ, ಮ್ಯಾಕ್ಸೀನ್ ಓಲ್ಡ್‌ರಾಯ್ಡ್ ಎಂಬ ಐವತ್ತೆರಡು ವರ್ಷದ ಬಸ್ ಡ್ರೈವರಿಗೆ "ಸಾರಿ, ನಿಮಗೆ ಮನೆ ಸಾಲ ಕೊಡಕ್ಕಾಗಲ್ಲ" ಎಂದಲ್ಲಿಂದಲೋ? ಮೂರನ್ನೂ ಬರೆದು ನೋಡಿದೆ. ನಾಯಿಯಿಂದ ಶುರು ಮಾಡಿದರೆ ನೀವು ನಾಯಿಗೇ ಅಳುತ್ತ ಕೂತುಬಿಡುತ್ತೀರಿ, ಮ್ಯಾಕ್ಸೀನಳನ್ನು ಕೇಳುವವರೇ ಇರುವುದಿಲ್ಲ. ಮದುವೆಯಿಂದ ಶುರು ಮಾಡಿದರೆ ನಾಲ್ಕುನೂರು ಪುಟವಾಗುತ್ತದೆ. ಹಾಗಾಗಿ ಸೊಸೈಟಿಯ ಹುಡುಗಿಯೇ ಗತಿ.

(ನಿಟ್ಟುಸಿರು ಬಿಟ್ಟಿರಿ, ಕೇಳಿಸಿತು. ಸಾಲದ ಕಥೆ ಯಾರಿಗೆ ಬೇಕು ಅಂತ ತಾನೆ? ಸ್ವಲ್ಪ ತಾಳಿ, ಇದರಲ್ಲಿ ಅವಳು ಗೆಲ್ಲುತ್ತಾಳೆ. ನೋಡಿ, ಮೊದಲೇ ಹೇಳಿಬಿಟ್ಟೆ. ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಇನ್ನೊಂದು ಮಾತು: ಬಾರ್ನ್ಸ್‌ಲಿಯವರು ಕನ್ನಡ ಮಾತಾಡುತ್ತಾರೆಯೇ ಎಂದು ಕೇಳಬೇಡಿ. ನನ್ನ ಕಥೆಯಲ್ಲಿ ಮಾತಾಡುತ್ತಾರೆ, ನನಗಿಂತ ಚೆನ್ನಾಗಿ ಮಾತಾಡುತ್ತಾರೆ.)

2

ಮ್ಯಾಕ್ಸೀನ್ ನನ್ನ ಪಕ್ಕದ ಮನೆಯವಳು. ಬೆಳಗಿನ ಪಾಳಿಯಲ್ಲಿ ವೇಕ್‌ಫೀಲ್ಡ್ ಬಸ್ ಓಡಿಸುತ್ತಾಳೆ. ನಾಲ್ಕು ವರ್ಷದ ಹಿಂದೆ ಗಂಡ ನೆವಿಲ್‌ನನ್ನು ಬಿಟ್ಟು ಊರಿನ ಆ ತುದಿಯಿಂದ ಈ ತುದಿಗೆ ಬಾಡಿಗೆಗೆ ಬಂದಳು. ಕೆಳಗೆರಡು ಕೋಣೆ, ಮೇಲೆರಡು ಕೋಣೆ, ಹಿಂದೊಂದು ಅಂಗೈಯಗಲದ ಅಂಗಳ. ಬಂದ ವಾರವೇ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ಅವಳು ಟೀ ಕುಡಿಯುತ್ತಿದ್ದ ರೀತಿ ನೋಡಿದರೆ ಅರಮನೆ ಗೆದ್ದ ಹಾಗಿತ್ತು. ಇಪ್ಪತ್ತಾರು ವರ್ಷ ಎಲ್ಲವೂ ಇಬ್ಬರದ್ದಾಗಿದ್ದ ಹೆಂಗಸಿಗೆ ಒಬ್ಬಳದ್ದೇ ಒಂದು ಅಡುಗೆಮನೆ ಸಿಕ್ಕಿತ್ತು.

ಮೇ ತಿಂಗಳಲ್ಲಿ ಮನೆ ಮಾಲೀಕ ಸಗ್ಡನ್ ಬಂದು ಬಾಗಿಲಲ್ಲೇ ನಿಂತ. (ಇಲ್ಲಿ ಎಲ್ಲರೂ ಎಲ್ಲರಿಗೂ 'ಲವ್' ಅನ್ನುತ್ತಾರೆ, ನಾವು 'ಅಮ್ಮಾ' ಅನ್ನುವ ಹಾಗೆ; ಪ್ರೇಮವೆಂದು ತಿಳಿಯಬೇಡಿ.)

"ಮನೆ ಮಾರ್ತಿದೀನಿ ಲವ್. ಮೊದಲು ನಿಂಗೇ ಹೇಳ್ತಿದೀನಿ. ನೀನು ತಗೊಳೋದಾದ್ರೆ ಸೆಪ್ಟೆಂಬರ್ ಕೊನೇ ತನಕ ಬೇರೆ ಯಾರಿಗೂ ತೋರ್ಸಲ್ಲ. ಆಮೇಲೆ ನನ್ ಕೈಲಿಲ್ಲ."

ಅವಳ ಹತ್ತಿರ ತಾಯಿ ಬಿಟ್ಟುಹೋದ ಹದಿನೈದು ಸಾವಿರ ಪೌಂಡ್ ಇತ್ತು. ಸಂಬಳ ಇತ್ತು. ಒಂದು ದಿನವೂ ಬಾಡಿಗೆ ತಪ್ಪಿಸಿರಲಿಲ್ಲ. ಸೊಸೈಟಿಗೆ ಹೋಗುವಾಗ ಲಿಪ್‌ಸ್ಟಿಕ್ ಹಚ್ಚಿಕೊಂಡು ಹೋದಳು. ಬರುವಾಗ ಅದರ ಅರ್ಧವನ್ನು ಕಚ್ಚಿ ತಿಂದಿದ್ದಳು.

ನಮ್ಮಲ್ಲಿ ಪಾಪಪುಣ್ಯ ಬರೆದಿಡಲು ಒಬ್ಬನೇ ಚಿತ್ರಗುಪ್ತ. ಈ ದೇಶದಲ್ಲಿ ಮೂವರಿದ್ದಾರೆ, ಮೂರೂ ಕಂಪನಿಗಳು. ಯಾರು ಯಾರಿಗೆ ಬಾಕಿ ಉಳಿಸಿಕೊಂಡರು ಎಂಬುದನ್ನು ಬರೆದು ಆರು ವರ್ಷ ಇಟ್ಟಿರುತ್ತವೆ. ಸಾಲ ಕೊಡುವವನು ಮೊದಲು ಅವರ ಕಡತ ತೆಗೆಯುತ್ತಾನೆ. ಮ್ಯಾಕ್ಸೀನಳ ಕಡತದಲ್ಲಿ ಕೆಂಪು ಅಕ್ಷರದಲ್ಲಿ ಒಂದು ಸಾಲಿತ್ತು: ಡಿಫಾಲ್ಟ್, ಅಂದರೆ ಬಾಕಿ ಕಟ್ಟಲಿಲ್ಲ. ಜಂಟಿ ಖಾತೆ, ಶ್ರೀ ನೆವಿಲ್ ಮತ್ತು ಶ್ರೀಮತಿ ಮ್ಯಾಕ್ಸೀನ್ ಓಲ್ಡ್‌ರಾಯ್ಡ್. ಮುನ್ನೂರ ಹನ್ನೆರಡು ಪೌಂಡ್.

3

"ನೀನು ಕಥೆ ಬರೆಯೋನಲ್ವಾ?" ಅಂದಳು ಮ್ಯಾಕ್ಸೀನ್. ನನ್ನ ಅಡುಗೆಮನೆಯಲ್ಲಿ ಕೂತು ಆ ಕಡತದ ಪ್ರಿಂಟನ್ನು ನನ್ನ ಟೋಸ್ಟಿನ ಮೇಲೇ ಇಟ್ಟಿದ್ದಳು. "ಇಲ್ ನೋಡು. ಡಿಫಾಲ್ಟ್ ಪಕ್ಕದಲ್ಲಿ ನಮ್ ಕಡೆ ಮಾತು ಬರೆಸಬಹುದಂತೆ. ಸಾಲ ಕೊಡೋರು ಅದನ್ನ ಓದ್ಲೇಬೇಕಂತೆ. ಇನ್ನೂರು ಪದ. ಬರ್ಕೊಡು."

"ಇನ್ನೂರೇನಾ?"

"ಇನ್ನೂರೇ. ನಿಂಗೆ ಕಷ್ಟ ಆಗುತ್ತೆ, ಗೊತ್ತು."

ಓದುಗರೇ, ನನ್ನ ಎದೆ ಉಬ್ಬಿದ್ದನ್ನು ನಿಮ್ಮಿಂದ ಮುಚ್ಚಿಡುವುದೇಕೆ? ಬರೆದದ್ದನ್ನು ಓದಲೇಬೇಕು ಎಂಬ ಕಾನೂನಿರುವ ಓದುಗ! ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ, ಇಂಥ ಒಬ್ಬನೂ ನನಗೆ ಸಿಕ್ಕಿರಲಿಲ್ಲ.

3 (ಮತ್ತೆ)

ಕರಡು: "ಅದೊಂದು ಮಂಜು ಕವಿದ ಮುಂಜಾವು. ಊರ ಹೊರಗಿನ ದಿಬ್ಬದ ಮೇಲೆ ಪಿಕಲ್ ಎಂಬ ಕಂದು ಬಣ್ಣದ ನಾಯಿ ತನ್ನ ಕೊನೆಯ..."

"ನಿಲ್ಸು" ಅಂದಳು ಮ್ಯಾಕ್ಸೀನ್. "ಎಷ್ಟು ಪದ ಆಯ್ತು?"

"ನೂರಾ ನಲವತ್ತು."

"ನಾಯಿ ಇನ್ನೂ ಸತ್ತಿಲ್ಲ!"

ಹರಿದು ಹಾಕಿದೆ. ಆದರೆ ನಾಯಿ ಯಾಕೆ ಬಂತು ಎಂಬುದನ್ನು ನಿಮಗಾದರೂ ಹೇಳಬೇಕು. ಬೇರೆಯಾದ ಮೇಲೆ ಮ್ಯಾಕ್ಸೀನಳ ಸಂಬಳ ಅವಳ ಸ್ವಂತ ಖಾತೆಗೆ ಹೋಗತೊಡಗಿತು, ನೆವಿಲ್‌ನದ್ದು ಅವನ ಖಾತೆಗೆ. ಜಂಟಿ ಖಾತೆಯನ್ನು ಮುಚ್ಚೋಣ ಎಂದು ಇಬ್ಬರೂ ಹೇಳಲಿಲ್ಲ. ಹೇಳಿದರೆ ಎದುರಿನವರಿಗೆ ಬೇಜಾರಾದೀತು ಎಂಬ ಸಂಕೋಚ. ಅದರಿಂದ ತಿಂಗಳಿಗೆ ಹದಿನೆಂಟು ಪೌಂಡ್ ತಾನಾಗಿ ಹೋಗುತ್ತಿದ್ದುದು ಒಂದಕ್ಕೇ: ಪಿಕಲ್‌ನ ವಿಮೆ. ಪಿಕಲ್ ನೆವಿಲ್‌ನ ಮನೆಯಲ್ಲೇ ಉಳಿದಿದ್ದ, ಎರಡು ವರ್ಷದ ಹಿಂದೆ ಸತ್ತ. ಅವನ ವಿಮೆ ಸಾಯಲಿಲ್ಲ. ಇದ್ದ ದುಡ್ಡು ಕರಗಿತು, ಓವರ್‌ಡ್ರಾಫ್ಟ್ ಎಂಬ ಬ್ಯಾಂಕಿನ ಸಾಲ ಬೆಳೆಯಿತು, ಅದಕ್ಕೆ ಬಡ್ಡಿ ಬೆಳೆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವೇ ಆಗದೆ ಖಾತೆ ಬಡವಾಯಿತು.

4

ಕಥೆಗೆ ಖಳನಾಯಕ ಬೇಕಲ್ಲ? ನೆವಿಲ್‌ನನ್ನು ಹಿಡಿದೆ.

ಕರಡು ಎರಡು: "ಬ್ಯಾಂಕಿನ ಲಕೋಟೆಯನ್ನು ನೆವಿಲ್ ಬೆಳಕಿಗೆ ಹಿಡಿದು ನೋಡಿದ. ಅವಳ ಹೆಸರು. ಅವನ ತುಟಿಯಲ್ಲಿ ಒಂದು ವಕ್ರ ನಗೆ ಮೂಡಿತು. ಪರ್ರನೆ ಹರಿದು ಬೆಂಕಿಗೆ ಹಾಕಿದ. 'ಅನುಭವಿಸು' ಎಂದು ಹಲ್ಲು ಕಡಿದ."

ಓದಿ ಹೇಳಿದೆ. ಮ್ಯಾಕ್ಸೀನ್ ಕೆಮ್ಮುವಷ್ಟು ನಕ್ಕಳು.

"ನೆವಿಲ್ಲಾ? ಹರಿಯೋದಾ? ಬೇರೆಯವರ ಹೆಸರಿಗೆ ಬಂದ ಕಾಗದಾನಾ? ಕತ್ತಿಗೆ ಚಾಕು ಇಟ್ರೂ ಹರಿಯಲ್ಲ ಕಣೋ ಅವನು. ಅವನು ಕೆಟ್ಟೋನಲ್ಲ. ಕೆಲಸಕ್ಕೆ ಬಾರದೋನು. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ದೇ ಹ್ಯಾಗೆ ಕಥೆ ಬರೀತೀಯ ನೀನು?"

"ಹಾಗಾದ್ರೆ ಬ್ಯಾಂಕಿನೋರು ಕಳ್ಸಿದ ನೋಟೀಸೆಲ್ಲ ಎಲ್ ಹೋಯ್ತು? ನಿಂಗೊಂದೂ ಬರ್ಲಿಲ್ಲ. ಅವನು ಹರೀಲಿಲ್ಲ. ಗಾಳಿಗೆ ಹಾರಿಹೋಯ್ತಾ?"

ಅವಳು ಕಪ್ಪು ಕೆಳಗಿಟ್ಟಳು.

"ಕೋಟ್ ಹಾಕ್ಕೋ" ಅಂದಳು.

(ಗಮನಿಸಿದಿರಾ? ಕಥೆ ಮುಂದೆ ಹೋದದ್ದು ನನ್ನ ಸುಳ್ಳಿನಿಂದಲೇ. ಈ ಹೆಮ್ಮೆಯನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವಂತಿಲ್ಲ.)

5

ನೆವಿಲ್ ಬಾಗಿಲು ತೆರೆದು, "ಓ, ನೀವಾ, ಟೀ ಇಡ್ತೀನಿ" ಅಂದ. ನಾಲ್ಕು ವರ್ಷದ ನಂತರ ಹೆಂಡತಿ ಮನೆಗೆ ಬಂದರೂ ಮೊದಲು ಟೀ. ಪಾರ್ಕಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುವವನು, ಎತ್ತರದ ಆಳು, ತನ್ನ ಅಡುಗೆಮನೆಯಲ್ಲೇ ಅತಿಥಿಯ ಹಾಗೆ ನಿಂತುಕೊಳ್ಳುತ್ತಾನೆ.

"ನೆವಿಲ್, ನನ್ ಹೆಸರಿಗೆ ಏನಾದ್ರೂ ಕಾಗದ ಬಂದಿತ್ತಾ?"

"ಬಂದಿದ್ವು. ಇಟ್ಟಿದೀನಲ್ಲ."

ಬ್ರೆಡ್ ಡಬ್ಬಿಯ ಹಿಂದಿನಿಂದ ಒಂದು ಕಟ್ಟು ತೆಗೆದ. ರಬ್ಬರ್ ಬ್ಯಾಂಡ್ ಹಾಕಿದ ಹದಿನೇಳು ಲಕೋಟೆ. ಒಂದನ್ನೂ ಒಡೆದಿರಲಿಲ್ಲ. ಪ್ರತಿಯೊಂದರ ಮೂಲೆಯಲ್ಲಿ ಬಂದ ತಾರೀಕನ್ನು ಪೆನ್ಸಿಲ್ಲಿನಲ್ಲಿ ಪುಟ್ಟದಾಗಿ ಬರೆದಿದ್ದ.

"ನಂಗ್ಯಾಕೋ ಕೊಡ್ಲಿಲ್ಲ?"

"ನೀನು ಬಂದಾಗ ಕೊಡೋಣ ಅಂತ. ನೀನು ಬರ್ಲಿಲ್ಲ."

"ಫೋನ್ ಮಾಡಕ್ಕೇನಾಗಿತ್ತು?"

"ನಿಂಗ್ಯಾಕೆ ತೊಂದರೆ ಅಂತ."

ಮ್ಯಾಕ್ಸೀನ್ ಒಂದೊಂದಾಗಿ ತಿರುಗಿಸಿ ನೋಡಿದಳು. ಅವಳ ದನಿ ಏರಿತು. "ಇದು ಇಬ್ಬರ ಹೆಸರಲ್ಲೂ ಇದೆಯಲ್ಲೋ! ನಿನ್ನ ಹೆಸರೂ ಇದೆ!"

"ಅದಕ್ಕೇ. ನೀನಿಲ್ದೇ ನಾನೊಬ್ನೇ ಒಡೆದ್ರೆ ಚೆನ್ನಾಗಿರುತ್ತಾ?"

"ಇದು? ಇದ್ರಲ್ಲಿ ಬರೀ ನಿನ್ ಹೆಸರೇ ಇದೆ."

"ಬ್ಯಾಂಕಿನ ವಿಷಯ ಎಲ್ಲಾ ನೀನೇ ನೋಡ್ಕೋತಿದ್ಯಲ್ಲ ಮ್ಯಾಕ್ಸ್. ಅದನ್ನೂ ಅದರ ಜೊತೆಗೇ ಇಟ್ಟೆ."

ಇದನ್ನು ನಾನು ಕಲ್ಪಿಸಲಾರೆ. ಕಲ್ಪಿಸಿ ಬರೆದಿದ್ದರೆ ಅಸಂಭವ ಎಂದು ನೀವೇ ಪುಸ್ತಕ ಮುಚ್ಚುತ್ತಿದ್ದಿರಿ. ಇಲ್ಲಿಯವರಿಗೆ ಮಾತ್ರ ಸಾಧ್ಯವಾದ ತಪ್ಪು ಇದು: ಸಭ್ಯತೆಯಿಂದಲೇ ಮನೆ ಮುಳುಗಿಸುವುದು.

ನಾಯಿಯ ವಿಮೆಯ ಮಾತು ಬಂತು. ನೀನು ನಿಲ್ಲಿಸಿರ್ತೀಯ ಅಂದ್ಕೊಂಡಿದ್ದೆ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಆಮೇಲೆ ನೆವಿಲ್ ಕಿಟಕಿ ಕಡೆ ತಿರುಗಿದ.

"ವಿಮೆಯೋರಿಗೆ ಎರಡು ಸಲ ಫೋನ್ ಮಾಡಿದ್ದೆ ಕಣೇ. ಆ ಕಡೆಯಿಂದ ಹುಡ್ಗಿ, 'ಪಿಕಲ್ ಹೇಗಿದಾನೆ ಸರ್?' ಅಂದ್ಲು. ಚೆನ್ನಾಗಿದಾನೆ ಅಂದ್ಬಿಟ್ಟು ಇಟ್ಬಿಟ್ಟೆ."

ಮ್ಯಾಕ್ಸೀನಳಿಗೆ ಅವನ ಮೇಲೆ ಕೋಪ ಬಂದಿತ್ತು, ಅದು ಅಲ್ಲೇ ಇತ್ತು; ಆದರೆ ಅದರ ಜೊತೆಗೆ ಹಳೆಯ ಪ್ರೀತಿಯೂ ಬಂದು ಪಕ್ಕದಲ್ಲಿ ಕೂತುಬಿಟ್ಟಿತು. ತಾನೂ ಒಂದು ಸಲ ಆ ನಂಬರ್ ಒತ್ತಿ, ಆ ಕಡೆ ರಿಂಗ್ ಆಗುವ ಮೊದಲೇ ಇಟ್ಟಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. (ನನಗೆ ಹೇಗೆ ಗೊತ್ತು? ಬರೆಯುವವನು ನಾನು.)

6

ಮೇಜಿನ ಮೇಲೆ ಹದಿನೇಳನ್ನೂ ಒಡೆದೆವು. ನೆವಿಲ್ ಚಾಕು ತಂದು ಅಂಚು ಹರಿಯದ ಹಾಗೆ ಸೀಳಿದ. ಹನ್ನೊಂದನೆಯದೇ ಆ ನೋಟೀಸು: ಇಷ್ಟು ದಿನದೊಳಗೆ ಕಟ್ಟಿ, ಇಲ್ಲವಾದರೆ ಡಿಫಾಲ್ಟ್ ಎಂದು ದಾಖಲಿಸುತ್ತೇವೆ. ತಾರೀಕು ಹೋದ ವರ್ಷದ ಮಾರ್ಚ್ ಐದು. ಶ್ರೀಮತಿ ಮ್ಯಾಕ್ಸೀನ್ ಓಲ್ಡ್‌ರಾಯ್ಡ್, ಹಳೇ ಮನೆಯ ವಿಳಾಸ.

ಮ್ಯಾಕ್ಸೀನ್ ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಪೋಕರಿಗಳನ್ನು ನೋಡುವ ಹಾಗೆ ಆ ವಿಳಾಸವನ್ನೇ ನೋಡಿದಳು.

"ನಾನು ಬೇರೆ ಮನೆಗೆ ಬಂದ ವಾರವೇ ಬ್ಯಾಂಕಿಗೆ ಹೋಗಿ ವಿಳಾಸ ಬದಲಾಯಿಸಿ ಬಂದಿದ್ದೆ. ಫಾರಂ ತುಂಬಿ ಕೊಟ್ಟಿದ್ದೆ."

"ರಸೀದಿ ಇದೆಯಾ?"

"ರಸೀದಿ ಕೇಳಿದ್ರೆ ಆ ಹುಡುಗಿಗೆ ಅವಮಾನ ಆಗಲ್ವಾ?"

ನೋಡಿ, ಇವಳೂ ನೆವಿಲ್‌ನ ಜಾತಿಯವಳೇ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇಲ್ಲಿಗೇ ಕಥೆ ಬಿಟ್ಟುಬಿಡೋಣ ಎಂದು ಪೆನ್ನು ಮುಚ್ಚಿಯೂ ಇಟ್ಟೆ. ಆದರೆ ನಮ್ಮ ಬೀದಿಗೆ ವಾಪಸ್ ಬಂದದ್ದೇ ಅವಳು ತನ್ನ ಮನೆಗೆ ಓಡಿಹೋಗಿ ಶೂ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದೆ ಸುರಿದಳು. ಅದೇ ಬ್ಯಾಂಕು, ಅವಳ ಸ್ವಂತ ಖಾತೆ, ಬಡ್ಡಿ ದರ ಬದಲಾಗಿದೆ ಎಂಬ ಕೆಲಸಕ್ಕೆ ಬಾರದ ಕಾಗದ. ತಾರೀಕು ಅದೇ ವರ್ಷದ ಮಾರ್ಚ್ ಮೂರು. ವಿಳಾಸ ಹೊಸ ಮನೆಯದು.

ಒಂದೇ ಬ್ಯಾಂಕು. ಒಂದೇ ಹೆಂಗಸು. ಎರಡು ದಿನದ ಅಂತರ. ಬಡ್ಡಿಯ ಸುದ್ದಿ ಹೇಳಲು ಅವಳ ಮನೆ ಗೊತ್ತಿತ್ತು, ಹೆಸರು ಕೆಡಿಸುತ್ತೇವೆ ಎಂದು ಹೇಳಲು ಗೊತ್ತಿರಲಿಲ್ಲ.

"ಇನ್ನೂರು ಪದ ಬೇಡ" ಅಂದಳು ಮ್ಯಾಕ್ಸೀನ್. "ಇದನ್ನ ನಾನೇ ಬರೀತೀನಿ."

ನನಗಾದ ಬೇಸರವನ್ನು ಯಾರೂ ಕೇಳಲಿಲ್ಲ.

7

ಅವಳ ಪತ್ರ, ನನ್ನ ಒಂದು ಪದವೂ ಇಲ್ಲದೆ:

"ನನ್ನ ಹೊಸ ವಿಳಾಸ ನಿಮಗೆ ಗೊತ್ತಿತ್ತು. ಮಾರ್ಚ್ ಮೂರಕ್ಕೆ ಆ ವಿಳಾಸಕ್ಕೇ ನನಗೆ ಕಾಗದ ಬರೆದಿದ್ದೀರಿ. ಮಾರ್ಚ್ ಐದಕ್ಕೆ ಡಿಫಾಲ್ಟ್ ನೋಟೀಸನ್ನು ಹಳೇ ಮನೆಗೆ ಕಳಿಸಿದ್ದೀರಿ. ಎರಡರ ಪ್ರತಿಯೂ ಇದರ ಜೊತೆಗಿದೆ. ಬಾಕಿ ನನ್ನದೂ ಹೌದು, ಅದನ್ನು ಇವತ್ತು ಪೂರ್ತಿ ಕಟ್ಟಿದ್ದೇವೆ. ಆದರೆ ನನ್ನನ್ನು ಕೇಳದೆಯೇ ನಾನು ಕೊಡಲಿಲ್ಲ ಎಂದು ಬರೆದಿದ್ದೀರಿ. ಅದನ್ನು ಅಳಿಸಿ."

ಕಟ್ಟಿದರೆ ಸಾಲದೇ ಎನ್ನುತ್ತೀರಾ? ಸಾಲದು. ಕಟ್ಟಿದರೆ ಡಿಫಾಲ್ಟ್ ಪಕ್ಕದಲ್ಲಿ 'ತೀರಿದೆ' ಎಂದು ಬರೆಯುತ್ತಾರೆ ಅಷ್ಟೆ. ಕಲೆ ಆರು ವರ್ಷ ಹಾಗೇ ಇರುತ್ತದೆ. ಜಂಟಿ ಖಾತೆಯ ಇನ್ನೊಂದು ಸೊಗಸೆಂದರೆ ಅದರಲ್ಲಿ ನಿನ್ನರ್ಧ ನನ್ನರ್ಧ ಎಂಬುದಿಲ್ಲ. ಪೂರ್ತಿ ಬಾಕಿಗೆ ಯಾರ ಕತ್ತನ್ನಾದರೂ ಹಿಡಿಯಬಹುದು. ನೆವಿಲ್ ಮಾತ್ರ ತಾನಾಗಿ ಸರಿಯಾಗಿ ಅರ್ಧ, ನೂರೈವತ್ತಾರು ಪೌಂಡನ್ನು ಲಕೋಟೆಯಲ್ಲಿಟ್ಟು ತಂದು ಕೊಟ್ಟ. ಲಕೋಟೆ ಅಂಟಿಸಿರಲಿಲ್ಲ, ಅವಳಿಗೆ ತೆರೆಯಲು ಸುಲಭವಾಗಲಿ ಅಂತ.

8

ಈ ಭಾಗದಲ್ಲಿ ಎಂಟು ವಾರ ಏನೂ ಆಗುವುದಿಲ್ಲ. ದೂರಿಗೆ ಉತ್ತರ ಕೊಡಲು ಬ್ಯಾಂಕಿಗೆ ಅಷ್ಟು ಕಾಲಾವಕಾಶವಿದೆ. ಮ್ಯಾಕ್ಸೀನ್ ಬಸ್ ಓಡಿಸಿದಳು. ಸಗ್ಡನ್ ಎರಡು ಸಲ ಬೀದಿಯಲ್ಲಿ ನಿಂತು ಮನೆಯ ಸೂರು ನೋಡಿ ಹೋದ. ನನಗೆ ತಡೆಯಲಾಗದೆ, ಒಬ್ಬ ಒಳ್ಳೆಯ ಗುಮಾಸ್ತ ಮನಕರಗಿ ಕಡತ ತಿದ್ದಿದ ಎಂದು ಒಂದು ಪುಟ ಬರೆದೆ. "ನಂಗೆ ಭಿಕ್ಷೆ ಬೇಡ" ಅಂದಳು. ಹರಿದೆ.

ಎಂಟನೇ ವಾರದ ಶುಕ್ರವಾರ ಉತ್ತರ ಬಂತು. ನಿಮಗೆ ಹೀಗನಿಸಿದ್ದಕ್ಕೆ ವಿಷಾದಿಸುತ್ತೇವೆ. ಜಂಟಿ ಖಾತೆಯ ವಿಳಾಸ ಬೇರೆ ಫಾರಂನಲ್ಲಿ ಬದಲಾಯಿಸಬೇಕಿತ್ತು. ಸೌಜನ್ಯಕ್ಕಾಗಿ ಎಪ್ಪತ್ತೈದು ಪೌಂಡ್ ಕೊಡುತ್ತೇವೆ. ದಾಖಲೆ ಬದಲಾಗದು.

"ತಗೋ" ಅಂದೆ ನಾನು. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ಅಂದೆ. "ಇಷ್ಟಾದ್ರೂ ಸಿಕ್ತಲ್ಲ."

ಅವಳು ನನ್ನನ್ನು ನೋಡಿದ ನೋಟಕ್ಕೆ ಹೆಸರಿಡಲಾರೆ.

"ಮೂಗಿಗೆ ತುಪ್ಪ ಸವರ್ತಿದಾರೆ, ನೀನು ನೆಕ್ಕು ಅಂತೀಯ. ಎಪ್ಪತ್ತೈದು ಪೌಂಡಿಗೆ ಮನೆ ಬಿಡ್ಲಾ ನಾನು? ಇಪ್ಪತ್ತಾರು ವರ್ಷ 'ಹೋಗ್ಲಿ ಬಿಡು, ಹೋಗ್ಲಿ ಬಿಡು' ಅಂದೆ. ಇನ್ನು ಅನ್ನಲ್ಲ."

ಅಲ್ಲೇ ನಿಂತು ಫೋನ್ ಮಾಡಿದಳು, ಸ್ಪೀಕರ್ ಹಾಕಿ.

"ನೋಡಮ್ಮ," ಅಂದಳು ಆ ಕಡೆಯ ಹೆಂಗಸಿಗೆ, "ನಿಮ್ ಎಪ್ಪತ್ತೈದು ಪೌಂಡ್ ವಾಪಸ್ ತಗೊಳ್ಳಿ. ನಾನು ಫಾರಂ ಕೊಟ್ಟಾಗ ಇನ್ನೊಂದು ಫಾರಂ ಇದೆ ಅಂತ ನಿಮ್ಮೋರು ಹೇಳಿದ್ರಾ? ಅದನ್ನ ಬರ್ದು ಕೊಡಿ. ನಾನು ಸೋಮವಾರ ರಜಾ ಹಾಕಿದೀನಿ, ಎಲ್ಲಾ ಕಾಗದ ತಗೊಂಡು, ಬ್ಯಾಂಕಿನೋರ ಮೇಲೆ ದೂರು ಕೇಳೋ ಓಂಬುಡ್ಸ್‌ಮನ್ನಿಗೇ ಬರೀತೀನಿ. ಎರಡು ಲಕೋಟೆ ಅಕ್ಕಪಕ್ಕ ಇಟ್ಟು ಫೋಟೋ ತೆಗ್ದಿದೀನಿ. ಚೆನ್ನಾಗಿ ಬಂದಿದೆ."

"ಒಂದು ನಿಮಿಷ ಹೋಲ್ಡ್ ಮಾಡಿ ಮೇಡಂ."

ಹನ್ನೊಂದು ನಿಮಿಷ ಸಂಗೀತ ಬಂತು. ಮ್ಯಾಕ್ಸೀನ್ ಕೂರಲಿಲ್ಲ.

"ಮೇಡಂ, ನಮ್ಮ ಹಿರಿಯರು ಇನ್ನೊಂದ್ಸಲ ನೋಡ್ತಾರಂತೆ. ಸೋಮವಾರದ ತನಕ ದಯವಿಟ್ಟು ಕಾಯ್ತೀರಾ?"

"ಸೋಮವಾರ ಹತ್ತು ಗಂಟೆ ತನಕ."

ಸೋಮವಾರ ಒಂಬತ್ತೂ ನಲವತ್ತಕ್ಕೆ ಫೋನ್ ಬಂತು. ನೋಟೀಸು ಸರಿಯಾದ ವಿಳಾಸಕ್ಕೆ ಹೋಗಬೇಕಿತ್ತು, ಬ್ಯಾಂಕಿನದೇ ತಪ್ಪು, ಮೂರೂ ಕಡತಗಳಿಂದ ಡಿಫಾಲ್ಟ್ ತೆಗೆಸುತ್ತೇವೆ. ಮ್ಯಾಕ್ಸೀನ್ "ಥ್ಯಾಂಕ್ಯೂ ಲವ್" ಎಂದು ಫೋನ್ ಇಟ್ಟಳು. ಆಮೇಲೆ ಅಂಗಳಕ್ಕೆ ಹೋಗಿ, ಇಡೀ ಬೀದಿಗೆ ಕೇಳುವ ಹಾಗೆ, ನಾನು ಇಲ್ಲಿ ಬರೆಯಲಾಗದ ಒಂದು ಪದವನ್ನು ಆಕಾಶಕ್ಕೆ ಕೂಗಿದಳು. ಮೂರು ಮನೆಯಾಚೆಯ ಅಜ್ಜಿ ಕಿಟಕಿ ತೆರೆದು ಚಪ್ಪಾಳೆ ಹೊಡೆದಳು, ಯಾಕೆಂದು ತಿಳಿಯದಿದ್ದರೂ.

9

ಇನ್ನೊಂದು ಕೆಲಸ ಬಾಕಿಯಿತ್ತು. ಜಂಟಿ ಖಾತೆ ಇರುವ ತನಕ ನೆವಿಲ್‌ನ ನೆರಳು ಅವಳ ಕಡತದ ಮೇಲೆ ಬೀಳುತ್ತಲೇ ಇರುತ್ತದೆ. ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋದರು. ನೆವಿಲ್ ಟೈ ಕಟ್ಟಿಕೊಂಡಿದ್ದ. ಮದುವೆಯ ರಿಜಿಸ್ಟರಿನಲ್ಲಿ ಮಾಡಿದ ಹಾಗೇ ಒಬ್ಬರ ಕೆಳಗೊಬ್ಬರು ಸಹಿ ಮಾಡಿ ಖಾತೆ ಮುಚ್ಚಿದರು. ನಮ್ಮ ಹೆಸರುಗಳನ್ನು ಬೇರೆ ಮಾಡಿ ಎಂದು ಮೂರೂ ಕಂಪನಿಗಳಿಗೆ ಬರೆದರು. ಹೊರಗೆ ಬಂದು ಕೈ ಕುಲುಕಿದರು.

"ಸರಿ ಹಾಗಾದ್ರೆ" ಅಂದ ನೆವಿಲ್.

"ಸರಿ" ಅಂದಳು. ನಂತರ, "ಕಾಗದ ಬಂದ್ರೆ ಒಡಿ ನೆವಿಲ್. ನಿನ್ ಹೆಸರಲ್ಲಿದ್ರೆ ಒಡಿ."

"ನೋಡ್ತೀನಿ" ಅಂದ ಅವನು.

10

ಅವಳು ಸೊಸೈಟಿಗೆ ಮತ್ತೆ ಅರ್ಜಿ ಹಾಕಿದಳು, ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಸಾಲದ ಒಪ್ಪಿಗೆ ಪತ್ರ ಬಂತು. ಗಡುವಿಗೆ ಎಂಟು ದಿನ ಮೊದಲು. ಸಗ್ಡನ್ ಅದನ್ನು ಎರಡು ಸಲ ಓದಿ, "ನಂಗ್ಗೊತ್ತಿತ್ತು" ಅಂದ. ಅವನಿಗೆ ಗೊತ್ತಿರಲಿಲ್ಲ.

ಈಗ ಮುಗಿಸಬೇಕು. ಅಂತ್ಯಗಳನ್ನು ಸಿದ್ಧ ಮಾಡಿಕೊಂಡು ಪಕ್ಕದ ಮನೆಗೆ ಹೋದೆ.

ಅಂತ್ಯ ಅ: ಸಹಿಗಳ ನಡುವೆ ಕೈಗೆ ಕೈ ತಾಗಿ, ನೆವಿಲ್ ಮತ್ತು ಮ್ಯಾಕ್ಸೀನ್ ಮತ್ತೆ ಒಂದಾದರು.

"ಥೂ" ಅಂದಳು ಮ್ಯಾಕ್ಸೀನ್.

ಅಂತ್ಯ ಆ: ಕಡೆಯ ಗಳಿಗೆಯಲ್ಲಿ ಸಗ್ಡನ್ ಮನೆಯನ್ನು ಬೇರೆಯವರಿಗೆ ಮಾರಿದ. ಗೆದ್ದ ಹೆಂಗಸು ಬೀದಿಯಲ್ಲಿ ನಿಂತಳು. ಬದುಕು ಅಂದರೆ ಹೀಗೇ.

"ಯಾರ್ ಬದುಕು? ಇಡೀ ಬೇಸಿಗೆ ನಾನು ಹೊಡೆದಾಡಿದ್ದು ನಿನ್ ಕಥೆ ದುಃಖವಾಗಿ ಚೆನ್ನಾಗಿ ಕಾಣ್ಲಿ ಅಂತಾನಾ? ನಿಂಗೆ ಸಂತೋಷ ಬರಿಯಕ್ಕೆ ಬರಲ್ಲ, ಅದನ್ನ ಒಪ್ಕೋ."

ಒಪ್ಪಿಕೊಂಡೆ. ಬರುವುದಿಲ್ಲ. ಕಲಿಯುತ್ತಿದ್ದೇನೆ.

ಅಂತ್ಯ ಇ: ಡಿಸೆಂಬರಿನ ಒಂದು ಹೊಳೆಯುವ ಬೆಳಿಗ್ಗೆ ಸಗ್ಡನ್ ಮನೆಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟ.

"ಬೀಗದ ಕೈ ನನ್ ಹತ್ರಾನೇ ಇದೆಯಲ್ಲೋ ಪೆದ್ದ. ನಾನಿಲ್ಲೇ ಇದೀನಿ."

"ಮತ್ತೆ ಹ್ಯಾಗ್ ಮುಗಿಸ್ಲಿ ಹೇಳು? ಡಿಫಾಲ್ಟ್ ಅಳಿಸಿಹೋಯ್ತು, ಅಲ್ಲಿ ಒಂದು ಗುರುತೂ ಉಳಿದಿಲ್ಲ. ನೀನು ಗೆದ್ದಿದ್ದಕ್ಕೆ ಸಾಕ್ಷಿ ಅಂತ ಇರೋದು ಈ ಕಥೆ ಒಂದೇ. ಚೆನ್ನಾಗಿ ಮುಗೀಬೇಡ್ವಾ? 'ಹೀಗೆ ಮ್ಯಾಕ್ಸೀನಳ ಕಥೆ ಸುಖವಾಗಿ ಮುಗಿಯಿತು' ಅಂತ ಬರೀಲಾ?"

ಅವಳು ಪಾಳಿಗೆ ಹೊರಡುವುದರಲ್ಲಿದ್ದಳು. ಜಾಕೆಟ್ಟಿನ ಒಂದು ತೋಳು ಮಾತ್ರ ಹಾಕಿಕೊಂಡಿದ್ದವಳು ಹಾಗೇ ನಿಂತು ನಗತೊಡಗಿದಳು. ಆ ನಗುವಿನಲ್ಲಿ ನನ್ನ ಮೇಲಿನ ಕರುಣೆ ಸ್ವಲ್ಪ, ಉಳಿದದ್ದೆಲ್ಲ ಶುದ್ಧ ಸಂತೋಷ.

"ಮುಗೀತು ಅಂತೀಯಾ? ಇಪ್ಪತ್ತೆರಡು ವರ್ಷ ಕಂತು ಕಟ್ಟಬೇಕು ಕಣೋ ನಾನು! ಎಪ್ಪತ್ನಾಲ್ಕು ವಯಸ್ಸಾಗುತ್ತೆ. ಅಲ್ಲೀವರೆಗೂ ಮುಗಿಸೋ ಹಾಗಿಲ್ಲ ನೀನು. ಬರ್ಕೋ, ನಾನ್ ಹೇಳ್ತೀನಿ."

ಬರೆದುಕೊಂಡೆ. ಅವಳು ಇನ್ನೊಂದು ತೋಳನ್ನೂ ಹಾಕಿಕೊಂಡು, ಜಿಪ್ ಎಳೆದುಕೊಂಡು, ಬಾಗಿಲಲ್ಲಿ ನಿಂತು ನಿಧಾನವಾಗಿ ಹೇಳಿದಳು:

"ಮೊದಲನೇ ಕಂತು ಜನವರಿ ಹದಿನೈದಕ್ಕೆ. ಮ್ಯಾಕ್ಸೀನ್ ಓಲ್ಡ್‌ರಾಯ್ಡ್ ಒಬ್ಬಳ ಖಾತೆಯಿಂದ."